ಪಾನಾ ತೂರುವ ಜಾಗ ಮೊದಲು, ಚೈನು ಆಮೇಲೆ: ಕರಾವಳಿಯ ಖನಿಜ ಘಟಕಗಳಿಗೆ ಚೈನ್ ಕನ್ವೇಯರ್ ವಿನ್ಯಾಸ

ಚೈನ್ ಕನ್ವೇಯರ್ ಕೆಟ್ಟು ನಿಂತಾಗ ರಿಪೇರಿಗೆ ಹಿಡಿಯುವ ಹೊತ್ತಿಗಿಂತ, ರಿಪೇರಿ ಮಾಡಬೇಕಾದ ಜಾಗಕ್ಕೆ ಕೈ ತಲುಪಿಸಲು ಹಿಡಿಯುವ ಹೊತ್ತೇ ಜಾಸ್ತಿ. ಒಂದು ಲಿಂಕ್ ಬದಲಿಸುವುದು ಸಣ್ಣ ಕೆಲಸ. ಆದರೆ ಮುಚ್ಚಳದ ಬೋಲ್ಟುಗಳಲ್ಲಿ ಅರ್ಧದಷ್ಟು ತುಕ್ಕು ಹಿಡಿದು ತಿರುಗುವುದಿಲ್ಲ, ಗ್ಯಾಸ್ ಕಟ್ಟರ್ ತರಿಸಬೇಕು. ತೊಟ್ಟಿಯೊಳಗೆ ಮಾಲು ತುಂಬಿ ನಿಂತಿರುತ್ತದೆ, ಸಲಿಕೆಯಲ್ಲಿ ಎತ್ತಬೇಕು. ಚೈನು ಎಳೆದು ಹಿಡಿಯಲು ಪುಲ್ಲಿ ಕಟ್ಟೋಣವೆಂದರೆ ಮೇಲೆ ಕೊಕ್ಕೆಯೇ ಇಲ್ಲ. ಇಷ್ಟಾದ ಮೇಲೆ ಬೈಗುಳ ಬೀಳುವುದು ಫಿಟ್ಟರ್‌ಗೆ. ಡ್ರಾಯಿಂಗ್ ಬಿಡಿಸಿದವರು ಅಷ್ಟೊತ್ತಿಗೆ ಬೇರೆ ಊರಿನ ಬೇರೆ ಕೆಲಸದಲ್ಲಿರುತ್ತಾರೆ.

ಕಾರವಾರ, ಅಂಕೋಲಾ, ಕುಮಟಾ ಕಡೆ ಈ ಸಮಸ್ಯೆ ಇನ್ನಷ್ಟು ತೀವ್ರ. ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉಳಿದ ತಿಂಗಳು ಉಪ್ಪುಗಾಳಿ. ಬಯಲುಸೀಮೆಯಲ್ಲಿ ಹತ್ತು ವರ್ಷ ಬಾಳುವ ಕಬ್ಬಿಣದ ಕಟ್ಟು ಇಲ್ಲಿ ಅಷ್ಟು ದಿನ ನಿಲ್ಲುವುದಿಲ್ಲ. ಹಾಗಾಗಿ ಹುಬ್ಬಳ್ಳಿಯದೋ ಬಳ್ಳಾರಿಯದೋ ಡ್ರಾಯಿಂಗ್ ತಂದು ಅಳತೆ ಮಾತ್ರ ಬದಲಿಸಿ ಇಲ್ಲಿ ನಿಲ್ಲಿಸಿದರೆ ಸಾಲದು. ಉಪ್ಪು, ಸುಣ್ಣ, ಜಿಪ್ಸಂ, ಅದಿರಿನ ಪುಡಿ, ಕಲ್ಲಿದ್ದಲಿನ ಬೂದಿ ಇಂಥವನ್ನು ಮಾಲು ಸುರಿಯುವ ಹಾಪರ್‌ನಿಂದ ಕೂಡಿಡುವ ಬಂಕರ್‌ಗೋ ಗಿರಣಿಗೋ ಸಾಗಿಸುವ, ಮೇಲೆ ಮುಚ್ಚಳವಿರುವ ತೊಟ್ಟಿಯೊಳಗೆ ಚೈನು ಮಾಲನ್ನು ಎಳೆದೊಯ್ಯುವ ಕನ್ವೇಯರ್‌ಗೆ ಸಂಬಂಧಿಸಿದ ಬರಹ ಇದು. ನೂರಾರು ಮೀಟರ್ ದೂರ ಸಾಗಿಸಬೇಕಿದ್ದರೆ ಬೆಲ್ಟ್ ಹಾಕಿ, ಚೈನಿನ ಯೋಚನೆ ಬಿಡಿ. ದೂರ ಕಡಿಮೆ, ಜಾಗ ಇಕ್ಕಟ್ಟು, ಧೂಳು ಹೊರಬರಬಾರದು, ಮಳೆ ಒಳಬರಬಾರದು ಎಂಬ ಕಡೆ ಚೈನಿಗೆ ಸಾಟಿಯಿಲ್ಲ.

ಮಾಲು ತೇಯಿಸುತ್ತದೋ, ತಿನ್ನುತ್ತದೋ?

ವಿನ್ಯಾಸ ಶುರುವಾಗಬೇಕಾದ್ದು ಈ ಪ್ರಶ್ನೆಯಿಂದ. ಮೋಸ್ ಗಡಸುತನದ ಅಳತೆಯಲ್ಲಿ ಜಿಪ್ಸಂ 2, ಉಪ್ಪು ಸುಮಾರು 2.5, ಸುಣ್ಣದಕಲ್ಲು 3ರ ಹತ್ತಿರ. ಹೆಮಟೈಟ್ ಅದಿರು 5.5ರಿಂದ 6.5, ಅದರ ಜತೆ ಬರುವ ಸಿಲಿಕಾ ಮರಳು 7. ಅದಿರು ಸಾಗಿಸುವಾಗ ಚೈನನ್ನು ತೇಯುವುದರಲ್ಲಿ ಈ ಮರಳಿನ ಪಾಲು ದೊಡ್ಡದು. ಆದ್ದರಿಂದ ಅದಿರಿನ ಲ್ಯಾಬ್ ರಿಪೋರ್ಟಿನಲ್ಲಿ ಕಬ್ಬಿಣದ ಶೇಕಡಾವಾರು ನೋಡಿ ಬಿಡಬೇಡಿ, ಸಿಲಿಕಾ ಎಷ್ಟಿದೆ ಎಂದು ನೋಡಿ.

ಉಪ್ಪಿನ ಕಥೆ ಬೇರೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪನ್ನು ಕೈಯಲ್ಲಿ ಉಜ್ಜಿ ನೋಡಿ, ಅದು ಉಕ್ಕನ್ನು ತೇಯುವ ಸರಕಲ್ಲ. ಆದರೆ ಕನ್ವೇಯರ್ ಒಂದು ವಾರ ನಿಂತರೆ ಚೈನಿನ ಗಂಟುಗಳು ಬಿಗಿದು ಕೂರುತ್ತವೆ, ಲಿಂಕು ಮಡಚುವುದೇ ಇಲ್ಲ. ಮತ್ತೆ ಚಾಲೂ ಮಾಡಿದಾಗ ಆ ಬಿಗಿದ ಲಿಂಕು ಸ್ಪ್ರಾಕೆಟ್ (ಚೈನು ಎಳೆಯುವ ಹಲ್ಲಿನ ಚಕ್ರ) ಮೇಲೆ ಕೂರದೆ ಹಾರುತ್ತದೆ. ಉಪ್ಪಿಗೆಂದು ಸ್ಟೇನ್‌ಲೆಸ್ ಚೈನು ತರುವವರು 304 ಗ್ರೇಡ್ ತಂದು ಕೈಸುಟ್ಟುಕೊಳ್ಳುವುದುಂಟು. ಕ್ಲೋರೈಡ್ ಇದ್ದಲ್ಲಿ 304ಕ್ಕೆ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. 316 ವಾಸಿ, ಆದರೆ ದುಬಾರಿ, ಸಾಲದ್ದಕ್ಕೆ ಮೆತ್ತಗೆ. ನನ್ನ ಮಟ್ಟಿಗೆ, ದಿನವೂ ಓಡುವ ಸಾಲಿಗೆ ಸಾಮಾನ್ಯ ಗಟ್ಟಿ ಚೈನೇ ಸಾಕು. ಕೆಲಸವಿಲ್ಲದ ದಿನವೂ ಹತ್ತು ನಿಮಿಷ ಖಾಲಿ ಓಡಿಸುವ ಶಿಸ್ತು ಇರಬೇಕು. ವರ್ಷಕ್ಕೆ ಕೆಲವೇ ತಿಂಗಳು ಓಡುವ ಸಾಲಿಗೆ 316ರ ಲೆಕ್ಕ ಹಾಕಿ ನೋಡಬಹುದು.

ಮೂರನೆಯದು ತೇವ. ಮಳೆಗಾಲದಲ್ಲಿ ಬಯಲಲ್ಲಿ ಬಿದ್ದ ಅದಿರಿನ ಪುಡಿ ತೊಟ್ಟಿಯ ಮೂಲೆಗೆ, ಫ್ಲೈಟಿನ (ಮಾಲು ತಳ್ಳಲು ಚೈನಿಗೆ ಅಡ್ಡ ಕೂರಿಸಿದ ಪಟ್ಟಿ) ಬೆನ್ನಿಗೆ ಜೋನಿ ಬೆಲ್ಲದ ಹಾಗೆ ಅಂಟುತ್ತದೆ. ಸುರಿಯಬೇಕಾದ ಬಾಯಲ್ಲಿ ಸುರಿಯದೆ ಚೈನಿನ ಜತೆ ವಾಪಸು ಹೋಗಿ ಬಾಲದ ಕಡೆ, ಅಂದರೆ ಮೋಟರಿಲ್ಲದ ಹಿಂದಿನ ತುದಿಯಲ್ಲಿ, ಗುಡ್ಡೆಯಾಗುತ್ತದೆ. ಇದಕ್ಕೆ ಸುರಿಯುವ ಬಾಯಿಯನ್ನು ಮಾಮೂಲಿಗಿಂತ ಒಂದೂವರೆ ಪಟ್ಟು ಉದ್ದ ಕೊಡಿ, ಫ್ಲೈಟುಗಳು ತೆರೆದ ಆಕಾರದವು ಇರಲಿ, ಬಾಲದ ಪೆಟ್ಟಿಗೆಯ ತಳವನ್ನು ಬೋಲ್ಟಿನ ಮುಚ್ಚಳವಾಗಿ ಮಾಡಿ. ಗುಡ್ಡೆಯಾಗುವುದನ್ನು ಪೂರ್ತಿ ತಪ್ಪಿಸಲಾಗದು. ಆದರೆ ಹತ್ತು ನಿಮಿಷದಲ್ಲಿ ಕೆಳಗೆ ಬೀಳಿಸುವಂತಿರಬೇಕು.

ನಿಧಾನ ಓಡಿಸಿ, ಆಳ ತುಂಬಿಸಿ

ಸಾಮರ್ಥ್ಯದ ಲೆಕ್ಕ ಸರಳ: ಗಂಟೆಗೆ ಟನ್ = 3,600 × ಅಗಲ × ಮಾಲಿನ ಆಳ × ವೇಗ × ಸಾಂದ್ರತೆ × ತುಂಬುವಿಕೆ (ಲೆಕ್ಕದ ಜಾಗದಲ್ಲಿ ನಿಜಕ್ಕೂ ಮಾಲು ತುಂಬುವ ಪಾಲು). ಅಗಲ 0.5 ಮೀಟರ್, ಆಳ 0.3 ಮೀಟರ್, ವೇಗ ಸೆಕೆಂಡಿಗೆ 0.2 ಮೀಟರ್, ತುಂಬುವಿಕೆ 0.8 ಎಂದಿಟ್ಟುಕೊಳ್ಳಿ. ಘನ ಮೀಟರಿಗೆ 1.2 ಟನ್ ತೂಗುವ ಉಪ್ಪಾದರೆ ಗಂಟೆಗೆ ಸುಮಾರು 104 ಟನ್, 2.4 ಟನ್ ತೂಗುವ ಅದಿರಾದರೆ 207 ಟನ್ ಸಾಗುತ್ತದೆ.

ಇಷ್ಟೇ ಮಾಲನ್ನು ಅರ್ಧ ಆಳದ ತೊಟ್ಟಿಯಲ್ಲಿ 0.4 ಮೀಟರ್ ವೇಗದಲ್ಲೂ ಸಾಗಿಸಬಹುದು. ತೊಟ್ಟಿ ಚಿಕ್ಕದಾಗಿ ಕೊಟೇಶನ್ ಕಡಿಮೆಯಾಗುತ್ತದೆ, ಮಾಲೀಕರಿಗೂ ಖುಷಿ. ಆದರೆ 30 ಮೀಟರಿನ ಕನ್ವೇಯರ್‌ಗೆ ಚೈನಿನ ಸುತ್ತು ಸುಮಾರು 62 ಮೀಟರ್. ಎಂಟು ಗಂಟೆಯ ಪಾಳಿಯಲ್ಲಿ 0.2ರ ವೇಗಕ್ಕೆ ಚೈನು 5,760 ಮೀಟರ್ ಓಡುತ್ತದೆ, ಅಂದರೆ ಪ್ರತಿ ಪಿನ್ನು 93 ಸುತ್ತು ಬರುತ್ತದೆ. 0.4ಕ್ಕೆ ಅದು 186. ಪ್ರತಿ ಸುತ್ತಿನಲ್ಲೂ ಎರಡು ತುದಿಗಳಲ್ಲಿ ಗಂಟು ಮಡಚಿ ಬಿಚ್ಚಬೇಕು, ತಳದ ಲೈನರ್ (ಸವೆತ ತಾಳಲು ಹಾಸಿದ ಪ್ಲೇಟು) ಮೇಲೆ ಉಜ್ಜಬೇಕು. ಮೊದಲು ಉಳಿಸಿದ ದುಡ್ಡು ಚೈನಿಗೆ ಬಡ್ಡಿ ಸಮೇತ ಹೋಗುತ್ತದೆ. ತೇಯುವ ಖನಿಜಗಳಿಗೆ ಸೆಕೆಂಡಿಗೆ 0.1ರಿಂದ 0.3 ಮೀಟರ್ ಒಳಗೇ ಇರಿ.

ಚೈನು ಬಿಚ್ಚುವ ಜಾಗವನ್ನು ಡ್ರಾಯಿಂಗಿನಲ್ಲೇ ಗುರುತು ಮಾಡಿ

ಬಹಳಷ್ಟು ಡ್ರಾಯಿಂಗುಗಳಲ್ಲಿ ಮುಚ್ಚಳ, ಕಿಂಡಿ ಎಲ್ಲ ಇರುತ್ತವೆ, ಆದರೆ ಚೈನು ಎಲ್ಲಿ ಬಿಚ್ಚಬೇಕು ಎಂಬುದಿರುವುದಿಲ್ಲ. ಅದಕ್ಕೊಂದು ಕಾಯಂ ಜಾಗ ಬೇಕು. ಬಾಲದ ಕಡೆ, ಚೈನು ಸಡಿಲವಾಗಿ ಸಿಗುವಲ್ಲಿ ಮಾಡುವುದು ಒಳ್ಳೆಯದು.

ಫೋರ್ಜಿಂಗ್ ಲಿಂಕಿನ ಚೈನಿನಲ್ಲಿ ಪಿನ್ನು ಅಡ್ಡಲಾಗಿ ಹೊರಬರುತ್ತದೆ. ಹಾಗಾಗಿ ಆ ಜಾಗದಲ್ಲಿ ತೊಟ್ಟಿಯ ಎರಡೂ ಪಕ್ಕದ ಗೋಡೆಗೆ, ಪಿನ್ನಿನ ಎತ್ತರಕ್ಕೆ ಸರಿಯಾಗಿ ಅಂಗೈ ಅಗಲದ ಕಿಂಡಿ ಬೇಕು. ಒಂದು ಕಡೆಯಿಂದ ಉಳಿಯಂಥ ಪಂಚ್ ಇಟ್ಟು ಹೊಡೆಯುವುದು, ಇನ್ನೊಂದು ಕಡೆಯಿಂದ ಪಿನ್ನು ಹಿಡಿಯುವುದು. ಗಟ್ಟಿ ಮಾಡಿದ ಪಿನ್ನಿನ ಮೇಲ್ಮೈಯ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 57ರಿಂದ 62 ಎಚ್‌ಆರ್‌ಸಿ ಇರುತ್ತದೆ, ನೇರ ಸುತ್ತಿಗೆಯಲ್ಲಿ ಹೊಡೆದರೆ ಚೂರು ಸಿಡಿದು ಕಣ್ಣಿಗೆ ಬರುತ್ತದೆ. ಹಿತ್ತಾಳೆಯ ಪಂಚ್ ಒಂದನ್ನು ಆ ಕಿಂಡಿಯ ಪಕ್ಕದಲ್ಲೇ ಸರಪಳಿ ಕಟ್ಟಿ ತೂಗಿಬಿಡಿ. ಇಲ್ಲದಿದ್ದರೆ ಅದು ಮೂರು ತಿಂಗಳಲ್ಲಿ ಮಾಯ.

ಕಿಂಡಿಯ ಹಿಂದೆ ಮುಂದೆ ಒಂದೊಂದು ಮೀಟರ್ ದೂರದಲ್ಲಿ, ತೊಟ್ಟಿಯ ಗೋಡೆಗೆ, ಫ್ಲೈಟಿಗೆ ತಾಗದಂತೆ, ದಪ್ಪ ಕಣ್ಣುಕೊಕ್ಕೆ ಬೆಸುಗೆ ಹಾಕಿಸಿ. ಬಿಚ್ಚುವ ಮೊದಲು ಎರಡೂ ತುದಿಗೆ ಪುಲ್ಲರ್ ಹಾಕಿ ಬಿಗಿದು ಹಿಡಿಯಲು ಅದು. ಮೇಲೆ ಎರಡು ಟನ್ನಿನ ಚೈನ್ ಬ್ಲಾಕ್ ತೂಗುವಂಥ ಐ-ಬೀಮ್ ಇರಲಿ. ಫ್ಲೈಟ್ ಸೇರಿ ಚೈನು ಮೀಟರಿಗೆ 20 ಕಿಲೋ ಎಂದರೂ 62 ಮೀಟರಿಗೆ 1,240 ಕಿಲೋ ಆಯಿತು. ಅದನ್ನು ಹೆಗಲ ಮೇಲೆ ಹೊರಿಸುವ ಕಾಲ ಮುಗಿಯಿತು.

ಸವೆತ ಅಳೆಯುವುದೂ ಇದೇ ಜಾಗದಲ್ಲಿ, ಮೇಲಿನ ಮುಚ್ಚಳ ತೆಗೆದು. 142 ಮಿ.ಮೀ. ಪಿಚ್ಚಿನ (ಪಿನ್ನಿನಿಂದ ಪಿನ್ನಿಗೆ ಇರುವ ದೂರ) ಐದು ಲಿಂಕು ಹೊಸದಿದ್ದಾಗ 710 ಮಿ.ಮೀ. ಶೇ. 2 ಹಿಗ್ಗಿದರೆ 724. ಅಲ್ಲಿ ತೊಟ್ಟಿಯ ಅಂಚಿಗೆ ಒಂದು ಪಟ್ಟಿ ಕೂರಿಸಿ 710ಕ್ಕೊಂದು, 724ಕ್ಕೊಂದು ಗೀರು ಹಾಕಿಸಿ. ಯಾವ ಪಾಳಿಯ ಹುಡುಗ ಬಂದರೂ ಟೇಪಿಲ್ಲದೆ, ಲೆಕ್ಕವಿಲ್ಲದೆ, ನಿಲ್ಲಿಸಿದ ಚೈನನ್ನು ಬಿಗಿಯಾಗಿ ಇಟ್ಟು, ಒಂದು ಪಿನ್ನನ್ನು ಪಟ್ಟಿಯ ತುದಿಗೆ ಹಿಡಿದು, ಐದು ಲಿಂಕು ಆಚೆಯ ಪಿನ್ನು ಯಾವ ಗೀರಿಗೆ ಬಂತು ಎಂದು ನೋಡಿ ಬರೆದಿಡಬಹುದು. ಸುತ್ತಿನಲ್ಲಿ ನಾಲ್ಕೈದು ಕಡೆ ನೋಡಬೇಕು, ಏಕೆಂದರೆ ಚೈನು ಎಲ್ಲ ಕಡೆ ಒಂದೇ ಸಮ ಹಿಗ್ಗುವುದಿಲ್ಲ. ಅಂತಿಮ ಮಿತಿ ಶೇ. 2 ಇರಲಿ ಎಂದು ನಾನು ಹೇಳುತ್ತೇನೆ. ಚೈನಿನ ಕಂಪನಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಗಟ್ಟಿ ಪದರ ಸವೆದು ಒಳಗಿನ ಮೆತ್ತನೆಯ ಉಕ್ಕು ಸಿಕ್ಕಿದ ಮೇಲೆ ಸವೆತ ಓಡುತ್ತದೆ. ಆಗ ಇನ್ನೊಂದು ತಿಂಗಳು ಎಳೆಯೋಣ ಎಂಬ ಲೆಕ್ಕ ನಡೆಯುವುದಿಲ್ಲ.

ಇನ್ನೊಂದು ಮಾತು. ಮಾಲಿನೊಳಗೆ ಓಡುವ ಚೈನಿಗೆ ಎಣ್ಣೆ ಹಾಕಬೇಡಿ. ಎಣ್ಣೆಗೆ ಧೂಳು ಕಲಸಿ ಅರೆಯುವ ಪೇಸ್ಟ್ ಆಗುತ್ತದೆ.

ಸ್ಪ್ರಾಕೆಟ್, ಬೇರಿಂಗ್, ಟೆನ್ಷನ್ ಸ್ಕ್ರೂ

ಸ್ಪ್ರಾಕೆಟ್ ಇಡಿಯಾಗಿ ಎರಕ ಹೊಯ್ದು ಶಾಫ್ಟಿಗೆ ಕೀಲಿ (ಜಾರದಂತೆ ಹಿಡಿಯುವ ಉಕ್ಕಿನ ಬೆಣೆ) ಹಾಕಿ ಕೂರಿಸಿದ್ದರೆ, ಹಲ್ಲು ಸವೆದಾಗ ಗೇರ್‌ಬಾಕ್ಸು, ಬೇರಿಂಗು, ಶಾಫ್ಟು ಎಲ್ಲ ಇಳಿಸಬೇಕು. ಹಬ್ ಕಾಯಂ ಇದ್ದು ಹಲ್ಲಿನ ಭಾಗ ಮಾತ್ರ ಎರಡು ಮೂರು ತುಂಡಾಗಿ ಬೋಲ್ಟಿನಲ್ಲಿ ಕೂರುವಂತಿದ್ದರೆ, ಮೇಲಿನ ಮುಚ್ಚಳ ತೆಗೆದು ಶಾಫ್ಟ್ ತಿರುಗಿಸುತ್ತ ಒಂದೊಂದೇ ತುಂಡು ಬದಲಿಸಬಹುದು. ಎರಡೂ ಮುಖ ಒಂದೇ ಥರ ಇದ್ದರೆ ಒಂದು ಸಲ ಮಗ್ಗುಲು ಬದಲಿಸಿ ಹಾಕಿ ಇನ್ನಷ್ಟು ದಿನ ಓಡಿಸಬಹುದು. ಹೊಸ ಚೈನನ್ನು ಸವೆದ ಹಲ್ಲಿನ ಮೇಲೆ ಹಾಕುವುದು ಮಾತ್ರ ಬೇಡ, ಹೊಸದೂ ಬೇಗ ಹಾಳಾಗುತ್ತದೆ.

ಬೇರಿಂಗನ್ನು ತೊಟ್ಟಿಯ ಗೋಡೆಗೆ ಅಂಟಿಸಬೇಡಿ. ಶಾಫ್ಟು ಗೋಡೆ ದಾಟುವಲ್ಲಿ ಧೂಳು ತಡೆಯುವ ಗ್ಲ್ಯಾಂಡಿಗೂ ಬೇರಿಂಗಿಗೂ ನಡುವೆ ಕನಿಷ್ಠ 50 ಮಿ.ಮೀ. ಬಯಲು ಬಿಡಿ. ಗ್ಲ್ಯಾಂಡ್ ಇವತ್ತಲ್ಲ ನಾಳೆ ಸೋರಿಯೇ ಸೋರುತ್ತದೆ. ಆಗ ಧೂಳು ಆ ಸಂದಿಯಿಂದ ನೆಲಕ್ಕೆ ಬೀಳಲಿ, ಬೇರಿಂಗಿನ ಒಳಗೆ ಹೋಗದಿರಲಿ. ನೆಲದ ಮೇಲೆ ಬಿದ್ದ ಧೂಳು ಕಂಡರೆ ಪ್ಯಾಕಿಂಗ್ ಬದಲಿಸುವ ಹೊತ್ತಾಯಿತು ಎಂದು ಗೊತ್ತಾಗುತ್ತದೆ. ಆ ಸಂದಿಯಲ್ಲಿ ತಿರುಗುವ ಶಾಫ್ಟಿಗೆ ಜಾಲರಿಯ ಗಾರ್ಡ್ ಹಾಕಿ. ಬೇರಿಂಗ್ ಕೂರುವ ಪ್ಲಮ್ಮರ್ ಬ್ಲಾಕು ಎರಡು ಹೋಳಾಗುವಂಥದ್ದಿರಲಿ, ಗ್ರೀಸ್ ನಿಪ್ಪಲ್ಲುಗಳನ್ನು ಪೈಪ್ ಎಳೆದು ನಿಂತಲ್ಲಿಂದಲೇ ಗ್ರೀಸ್ ಗನ್ ಹಿಡಿಯುವ ಜಾಗಕ್ಕೆ ತನ್ನಿ.

ಚೈನು ಬಿಗಿ ಮಾಡುವ ಟೆನ್ಷನ್ ಸ್ಕ್ರೂವಿನ ಓಟ (ಅದು ಸರಿಯಬಲ್ಲ ದೂರ) ಲೆಕ್ಕ ಹಾಕಿ ಕೊಡಿ. 62 ಮೀಟರ್ ಚೈನು ಶೇ. 2 ಹಿಗ್ಗಿದರೆ 1,240 ಮಿ.ಮೀ. ಉದ್ದವಾಗುತ್ತದೆ, ಬಾಲದ ಶಾಫ್ಟ್ ಅದರ ಅರ್ಧ, 620 ಮಿ.ಮೀ. ಸರಿಯಬೇಕಾಗುತ್ತದೆ. ಅಷ್ಟು ಓಟ ಕೊಡುವ ಅಗತ್ಯವಿಲ್ಲ. 300 ಮಿ.ಮೀ. ಕೊಟ್ಟರೆ, ನಡುನಡುವೆ ಎರಡೆರಡು ಲಿಂಕು ತೆಗೆದು ಸ್ಕ್ರೂವನ್ನು 142 ಮಿ.ಮೀ. ಹಿಂದಕ್ಕೆ ತರಬಹುದು. ಎರಡೂ ಪಕ್ಕ ಉಕ್ಕಿನ ಅಳತೆಪಟ್ಟಿ ಕೂರಿಸಿ. ಎರಡರಲ್ಲೂ ಒಂದೇ ಅಂಕಿ ಬಂದರೆ ಶಾಫ್ಟ್ ಸೊಟ್ಟಗಿಲ್ಲ ಎಂದರ್ಥ. ನಟ್ಟು ಗನ್‌ಮೆಟಲ್ಲಿನದಿರಲಿ, ಸ್ಕ್ರೂವಿನ ಥ್ರೆಡ್ಡಿಗೆ ಗ್ರೀಸ್ ತುಂಬಿದ ಪೈಪಿನ ಹೊದಿಕೆ ಇರಲಿ. ಕಾರವಾರ ಬಂದರಿನ ಬೈತಖೋಲ್ ಕಡೆಯ ಗಾಳಿಗೆ ಬರಿಯ ಉಕ್ಕಿನ ಸ್ಕ್ರೂ ಒಂದು ಮಳೆಗಾಲ ಕಳೆದ ಮೇಲೆ ಅಲುಗಾಡುವುದಿಲ್ಲ.

ಲೈನರ್: ಇಬ್ಬರು ಎತ್ತುವಷ್ಟೇ ದೊಡ್ಡದು

500 ಅಗಲ, 600 ಉದ್ದ, 12 ಮಿ.ಮೀ. ದಪ್ಪದ ಉಕ್ಕಿನ ಲೈನರ್ ಸುಮಾರು 28 ಕಿಲೋ. ಇದಕ್ಕಿಂತ ದೊಡ್ಡದು ಮಾಡಬೇಡಿ. ಬೆನ್ನಿಗೆ ಸ್ಟಡ್ ಬೆಸೆದು, ನಟ್ಟು ತೊಟ್ಟಿಯ ಹೊರಗೆ ಬರುವಂತೆ ಮಾಡಿದರೆ ಒಳಗೆ ಸವೆದುಹೋಗುವ ಬೋಲ್ಟಿನ ತಲೆಯೇ ಇರುವುದಿಲ್ಲ. ಎರಡು ಲೈನರುಗಳ ಸಂದಿಯಲ್ಲಿ ಚೈನು ಸಾಗುವ ದಿಕ್ಕಿನ ಮುಂದಿನ ತುಂಡು ಕೂದಲೆಳೆಯಷ್ಟೂ ಎತ್ತರ ಇರಬಾರದು, ಫ್ಲೈಟು ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಸವೆತ ತಿಳಿಯಲು ಒಂದು ಹಳೆಯ ಉಪಾಯವಿದೆ. ಮಾಲು ಬೀಳುವ ಬಾಯಿಯ ಕೆಳಗೆ, ಇನ್ನೊಂದೆರಡು ಕಡೆ, ತೊಟ್ಟಿಯ ತಳಕ್ಕೆ ಹೊರಗಿನಿಂದ ಸಣ್ಣ ತೂತು ಕೊರೆದು ಅದನ್ನು ಲೈನರಿನ ಬೆನ್ನಿನಲ್ಲಿ 4 ಮಿ.ಮೀ. ಒಳಕ್ಕೆ ಮುಂದುವರಿಸಿ. ಲೈನರ್ 4 ಮಿ.ಮೀ.ಗೆ ಬಂದ ದಿನ ತೂತಿನಿಂದ ಪುಡಿ ಉದುರತೊಡಗುತ್ತದೆ. ಯಾವ ಮೀಟರೂ ಬೇಡ, ಕಸ ಗುಡಿಸುವವರು ಬಂದು ಹೇಳುತ್ತಾರೆ.

ಬಸಾಲ್ಟ್ ಹೆಂಚು ಸವೆತಕ್ಕೆ ಚೆನ್ನಾಗಿ ತಾಳುತ್ತದೆ, ಆದರೆ ಮೇಲಿನಿಂದ ಉಂಡೆ ಬೀಳುವಲ್ಲಿ ಒಡೆಯುತ್ತದೆ. ಆ ಜಾಗಕ್ಕೆ 400 ಬ್ರಿನೆಲ್ ಗಡಸುತನದ ಉಕ್ಕಿನ ಪ್ಲೇಟ್, ನೇರ ಓಟಕ್ಕೆ ಬಸಾಲ್ಟ್ ಹಾಕಬಹುದು. ಉಪ್ಪಿಗೆ ದಪ್ಪ ಪಾಲಿಥೀನ್ ಹಾಳೆಯೇ ಸಾಕು.

ಬೋಲ್ಟು

ಇಡೀ ಕನ್ವೇಯರಿನ ಎಲ್ಲ ಮುಚ್ಚಳಗಳಿಗೂ ಒಂದೇ ಅಳತೆಯ ಬೋಲ್ಟು. ಎಂ-16 ಆದರೆ 24ರ ಪಾನಾ ಒಂದಿದ್ದರೆ ಮುಗಿಯಿತು. ಒಂದು ಮುಚ್ಚಳಕ್ಕೆ 19, ಇನ್ನೊಂದಕ್ಕೆ 24, ಮತ್ತೊಂದಕ್ಕೆ 30 ಎಂದು ಇಟ್ಟರೆ ರಾತ್ರಿ ಪಾಳಿಯಲ್ಲಿ ಫಿಟ್ಟರು ಮೂರು ಸಲ ಏಣಿ ಇಳಿದು ಹತ್ತುತ್ತಾನೆ. “ಸಾಹೇಬ್ರೆ, ನಿಮ್ ಡ್ರಾಯಿಂಗ್ ಚಂದ ಉಂಟು, ಆದ್ರೆ ಈ ಬೋಲ್ಟಿಗೆ ಪಾನಾ ಹಾಕಿ ತಿರುಗ್ಸೂಕೆ ಜಾಗ ಎಲ್ಲುಂಟು?” ಎಂದು ಅವನು ಕೇಳಿದರೆ ಉತ್ತರ ಇರಬೇಕು. ಪಾನಾದ ಹಿಡಿ ಕನಿಷ್ಠ 60 ಡಿಗ್ರಿ ತಿರುಗುವಷ್ಟು ಬಯಲು ಪ್ರತಿ ಬೋಲ್ಟಿನ ಸುತ್ತ ಇದೆಯೇ ಎಂದು ಡ್ರಾಯಿಂಗಿನಲ್ಲೇ ನೋಡಿ. ದಿನಾ ತೆರೆಯುವ ಮುಚ್ಚಳಕ್ಕೆ ಬೋಲ್ಟೇ ಬೇಡ, ಹಿಂಜ್ ಮತ್ತು ಕ್ಲ್ಯಾಂಪ್ ಇರಲಿ, ತೂಕ 15 ಕಿಲೋ ದಾಟದಿರಲಿ.

ಬೋಲ್ಟು ಹಾಟ್-ಡಿಪ್ ಗ್ಯಾಲ್ವನೈಸ್ ಆಗಿರಬೇಕು, ಥ್ರೆಡ್ಡಿಗೆ ಆಂಟಿ-ಸೀಜ್ ಪೇಸ್ಟ್ ಸವರಬೇಕು. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟು ಪೇಸ್ಟಿಲ್ಲದೆ ಹಾಕಿದರೆ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಬಲಪಡಿಸುವ ಆ್ಯಂಗಲ್‌ಗಳನ್ನು ಬಿಟ್ಟುಬಿಟ್ಟು ಬೆಸೆಯಬೇಡಿ. ನಡುವಿನ ಸಂದಿಗೆ ಉಪ್ಪುನೀರು ಇಳಿದು ಒಳಗಿಂದ ಉಬ್ಬುತ್ತದೆ. ಪೂರ್ತಿ ಉದ್ದ ಬೆಸೆದು, ನೀರು ನಿಲ್ಲದ ಹಾಗೆ ಅಂಚು ಕೆಳಮುಖ ಮಾಡಿ.

ಡ್ರೈವ್ ಮತ್ತು ಜೀವದ ಮಾತು

ಶಾಫ್ಟಿನ ಮೇಲೆಯೇ ಕೂರುವ ಗೇರ್‌ಬಾಕ್ಸಿಗೆ ಕೀಲಿಯ ಬದಲು ಶ್ರಿಂಕ್ ಡಿಸ್ಕ್ (ಬೋಲ್ಟು ಬಿಗಿದಾಗ ಶಾಫ್ಟನ್ನು ಸುತ್ತಲೂ ಒತ್ತಿ ಹಿಡಿಯುವ ಬಳೆ) ಕೇಳಿ. ತುಕ್ಕಿನಲ್ಲಿ ಕೂಡಿಕೊಂಡ ಕೀಲಿಯ ಗೇರ್‌ಬಾಕ್ಸನ್ನು ಹೊರಗೆಳೆದವರಿಗೆ ಕಾರಣ ಹೇಳಬೇಕಿಲ್ಲ. ಅದು ಹೊರಬರುವ ದಿಕ್ಕಿನಲ್ಲಿ ಗೋಡೆಯೋ ಕಂಬವೋ ಬರದಂತೆ ಜಾಗ ಬಿಡಿ.

ಚೈನು ಸಿಕ್ಕಿಕೊಂಡಾಗ ಮುರಿಯಲೆಂದೇ ಇರುವ ಶಿಯರ್ ಪಿನ್ನಿನ ಜಾಗಕ್ಕೆ ಗಟ್ಟಿ ಬೋಲ್ಟು ತುರುಕುವುದು ಎಲ್ಲ ಕಡೆ ನಡೆಯುವ ಕೆಟ್ಟ ಚಾಳಿ. ಪಿನ್ನು ಕೈಗೆ ಸಿಗದಿದ್ದಾಗ ಹೀಗಾಗುತ್ತದೆ. ಗಾರ್ಡಿನ ಹೊರಗೇ ಒಂದು ಸಣ್ಣ ಡಬ್ಬಿ ಬೆಸೆದು ಹತ್ತು ಪಿನ್ನು ಇಟ್ಟುಬಿಡಿ. ಬಾಲದ ಶಾಫ್ಟಿಗೆ ವೇಗ ನೋಡುವ ಸೆನ್ಸರ್ ಹಾಕಿ. ಚೈನು ಕಡಿದರೆ ತಲೆಯ ಶಾಫ್ಟು ತಿರುಗುತ್ತಲೇ ಇರುತ್ತದೆ, ಬಾಲದ್ದು ನಿಲ್ಲುತ್ತದೆ, ಗೊತ್ತಾಗುವುದು ಅಲ್ಲೇ. ಸುರಿಯುವ ಚೂಟಿಗೆ ತುಂಬಿದ್ದು ಹೇಳುವ ಸ್ವಿಚ್ಚೂ ಬೇಕು.

ಮುಚ್ಚಳ ತೆಗೆದರೂ ಕೈ ಚೈನಿಗೆ ತಾಗದಂತೆ ಕೆಳಗೆ ಬೋಲ್ಟಿನ ಜಾಲರಿ ಇರಲಿ, ಮುಚ್ಚಳಕ್ಕೆ ಲಿಮಿಟ್ ಸ್ವಿಚ್ ಇರಲಿ. ಆದರೆ ಸ್ವಿಚ್ ನಂಬಿ ಕೈ ಹಾಕಬಾರದು. ಕೆಲಸ ಮಾಡುವ ಜಾಗದಿಂದ ಕಣ್ಣಿಗೆ ಕಾಣುವಂತೆ, ಕರೆಂಟ್ ಪೂರ್ತಿ ತೆಗೆಯುವ ಐಸೋಲೇಟರ್ ಇರಬೇಕು, ಅದಕ್ಕೆ ಒಳಗೆ ಇಳಿಯುವವನೇ ತನ್ನ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮೇಲೇರುವ ಕನ್ವೇಯರ್ ಆದರೆ ಕರೆಂಟ್ ತೆಗೆದ ಮೇಲೂ ಮಾಲಿನ ಭಾರಕ್ಕೆ ಚೈನು ಹಿಂದಕ್ಕೆ ಜಾರುತ್ತದೆ, ಅದನ್ನು ತಡೆಯುವ ಬ್ಯಾಕ್‌ಸ್ಟಾಪ್ ಕಡ್ಡಾಯ. ಪಿನ್ನು ಹೊಡೆಯುವ ಮುಂಚೆ ಟೆನ್ಷನ್ ಸ್ಕ್ರೂ ಪೂರ್ತಿ ಸಡಿಲಿಸಿ. ಎಳೆದು ನಿಂತ ಚೈನು ಬಿಟ್ಟರೆ ಬೆರಳು ಉಳಿಯುವುದಿಲ್ಲ.

ಘಟ್ಟ ಮುಚ್ಚುವ ದಿನಗಳಿಗೆ

ಇಲ್ಲಿಗೆ ಬಿಡಿಭಾಗ ಬರುವುದು ಬಹುಪಾಲು ಘಟ್ಟ ಇಳಿದು. ಹುಬ್ಬಳ್ಳಿಯಿಂದ ಅರಬೈಲ್ ದಾಟಿ, ಇಲ್ಲವೇ ಎರಕದ ಕೆಲಸಕ್ಕೆ ಹೆಸರಾದ ಬೆಳಗಾವಿಯಿಂದ. 2021ರ ಜುಲೈನಲ್ಲಿ ಅರಬೈಲ್ ಘಟ್ಟ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನ ಗುಡ್ಡ ಜರಿದು ಹೆದ್ದಾರಿಯೇ ಬಂದಾಯಿತು, ಜೀವಗಳೂ ಹೋದವು. ಮಳೆಗಾಲದಲ್ಲಿ “ನಾಳೆ ಬರ್ತದೆ” ಎಂಬ ಮಾತಿನ ಮೇಲೆ ಘಟಕ ನಡೆಸುವಂತಿಲ್ಲ. ಮೇ ಮುಗಿಯುವುದರೊಳಗೆ ಹತ್ತು ಮೀಟರ್ ಚೈನು, ಪಿನ್ನು ಮತ್ತು ಅದನ್ನು ಹಿಡಿದಿಡುವ ಸರ್ಕ್ಲಿಪ್, ಒಂದು ಸೆಟ್ ಹಲ್ಲಿನ ತುಂಡು, ಬಾಲದ ಬೇರಿಂಗ್ ಜೋಡಿ, ಗ್ಲ್ಯಾಂಡ್ ಪ್ಯಾಕಿಂಗ್, ಮಾಲು ಬೀಳುವ ಜಾಗದ ಲೈನರ್ ಗೋದಾಮಿನಲ್ಲಿರಬೇಕು. ಚೈನನ್ನು ಎಣ್ಣೆ ಸವರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ, ಬಳಸುವ ಮುಂಚೆ ಒರೆಸಿದರಾಯಿತು. ದೊಡ್ಡ ರಿಪೇರಿ ಏಪ್ರಿಲ್–ಮೇನಲ್ಲಿ. ಮಳೆ ಹಿಂದೆಗೆದ ಮೇಲಿನ ತಪಾಸಣೆಗೆ ಆಯುಧಪೂಜೆಯ ಹಿಂದಿನ ದಿನ ಅನುಕೂಲ. ಹೇಗೂ ಎಲ್ಲ ನಿಲ್ಲಿಸಿ ತೊಳೆಯುತ್ತೀರಿ, ಮುಚ್ಚಳಗಳನ್ನೂ ತೆರೆದು ನೋಡಿಬಿಡಿ.

ದುಡ್ಡು ಪೂರ್ತಿ ಕೊಡುವ ಮುಂಚೆ

ಸಪ್ಲೈಯರ್ ಟ್ರಯಲ್ ಎಂದರೆ ಖಾಲಿ ಓಡಿಸಿ ತೋರಿಸುವುದು, ಆಂಪಿಯರ್ ಬರೆದುಕೊಳ್ಳುವುದು. ಅದರ ಜತೆ ಇನ್ನೊಂದು ಟ್ರಯಲ್ಲನ್ನು ಆರ್ಡರಿನಲ್ಲೇ ಬರೆಸಿ. ನಿಮ್ಮ ಫಿಟ್ಟರ್ ಮತ್ತು ಒಬ್ಬ ಹೆಲ್ಪರ್, ಅವರ ಕೈಯಲ್ಲಿ ನಿತ್ಯದ ಹತಾರಗಳು ಮಾತ್ರ. ಅವರು ಎರಡು ಲಿಂಕು ತೆಗೆದು ಮತ್ತೆ ಹಾಕಬೇಕು, ಒಂದು ಲೈನರ್ ಬಿಚ್ಚಿ ಕೂರಿಸಬೇಕು, ಸ್ಪ್ರಾಕೆಟಿನ ಒಂದು ತುಂಡು ಬದಲಿಸಬೇಕು, ಬಾಲದ ಪೆಟ್ಟಿಗೆಯ ತಳ ತೆರೆದು ಮುಚ್ಚಬೇಕು. ಗಡಿಯಾರ ಹಿಡಿದು ನಿಂತು ಪ್ರತಿಯೊಂದಕ್ಕೂ ಹಿಡಿದ ಹೊತ್ತು ಬರೆದುಕೊಳ್ಳಿ. ಗ್ಯಾಸ್ ಕಟ್ಟರ್ ಕೇಳಿದರೆ, ಇನ್ನೊಂದು ಭಾಗ ಬಿಚ್ಚದೆ ಇದು ಬರುವುದಿಲ್ಲ ಎಂದರೆ, ಕೈ ತೂರುತ್ತದೆ ಪಾನಾ ತೂರುವುದಿಲ್ಲ ಎಂದರೆ, ಅಲ್ಲಿಗೆ ನಿಲ್ಲಿಸಿ ಸಪ್ಲೈಯರ್ ಕೈಯಲ್ಲೇ ಸರಿಮಾಡಿಸಿ. ಬಣ್ಣ ಹಸಿ ಇರುವಾಗ ಒಂದು ಕಿಂಡಿ ದೊಡ್ಡದು ಮಾಡುವುದು ಅವರಿಗೂ ಕಷ್ಟವಲ್ಲ. ಈ ಟ್ರಯಲ್ ಆಗುವವರೆಗೆ ಬಿಲ್ಲಿನ ಕೊನೆಯ ಕಂತು ತಡೆದಿಡಿ.